ಹಸಿ ಲೆಕ್ಕ

ಹದಿಮೂರು ವರ್ಷದ ನೋಟ್‌ಬುಕ್ಕುಗಳು
ಮೀನಿನ ಪೆಟ್ಟಿಗೆಯೊಂದರಲ್ಲಿ ಬಂದು ಕೂತವು ನನ್ನ ಮೇಜಿನ ಮೇಲೆ.
ಮೇಲೊಂದು ಚೀಟಿ, ಯಜಮಾನ ಹಲ್‌ವಾರನದು:
"ಹೊಸ ಹಂದರ ಕಟ್ಟಬೇಕೋ ಬೇಡವೋ,
ಒಂದೇ ಪುಟದಲ್ಲಿ ಹೇಳು. ಶುಕ್ರವಾರದೊಳಗೆ."

ಹೊರಗೆ ಲೋಫೋಟೆನ್ನಿನ ಗಾಳಿ.
ಮರದ ಹಂದರಗಳ ಮೇಲೆ, ಜೋಡಿ ಜೋಡಿಯಾಗಿ ಬಾಲ ಕಟ್ಟಿಸಿಕೊಂಡು
ತಲೆಯಿಲ್ಲದ ಕಾಡ್ ಮೀನು ತೂಗುತ್ತಿವೆ ಫೆಬ್ರವರಿಯಿಂದ.
ಉಪ್ಪಿಲ್ಲ, ಹೊಗೆಯಿಲ್ಲ, ಗಾಳಿಗೆ ಬಿಟ್ಟದ್ದು ಅಷ್ಟೆ.
ಐದು ಕಿಲೋ ಹಸಿ ಮೀನು ಒಂದು ಕಿಲೋ ಆಗುವವರೆಗೆ
ಯಾರೂ ಏನೂ ಮಾಡುವುದಿಲ್ಲ,
ಹಕ್ಕಿ ಓಡಿಸುವುದು ಬಿಟ್ಟರೆ.

ನನ್ನದೂ ಅದೇ ಕಸುಬು ಅಂದುಕೊಂಡಿದ್ದೆ:
ಹಸಿ ಅಂಕಿಗಳನ್ನು ತೂಗುಹಾಕು, ನೀರು ಇಳಿಯಲಿ,
ಉಳಿದದ್ದನ್ನು ಯಜಮಾನನಿಗೆ ಒಪ್ಪಿಸು.

ಎಲ್ಲವೂ ಟೋರ್ಲೈಫನ ಕೈಬರಹ.
ಒಣಗಿದ ಮೀನಿನ ಕುತ್ತಿಗೆಗೆ ಮೂಗು ಹಚ್ಚಿ
ದರ್ಜೆ ಹೇಳುವವನು ಅವನು.
ತಾರೀಖು, ಹಂದರದ ಸಂಖ್ಯೆ, ಗಾಳಿ ಎತ್ತಲಿನದು,
ಇಟಲಿಗೆ ಹೋಗುವುದಿಷ್ಟು, ಲಾಗೋಸಿಗೆ ಹೋಗುವುದಿಷ್ಟು,
ಎಲ್ಲಿಗೂ ಹೋಗದ್ದು ಇಷ್ಟು.
ನಡುನಡುವೆ ಗೀಚಿದ್ದು:
"ನೊಣ." "ನೊಣ ಬಹಳ." "ತಂಗಿಗೆ ಹೆಣ್ಣುಮಗು."
"ಬೂಟು ತೂತು. ನಲವತ್ತಾರು ತರಬೇಕು."
ನಾನು ಆ ನಲವತ್ತಾರನ್ನು ತಾಪಮಾನದ ಕಾಲಮ್ಮಿಗೆ ತುಂಬಿ
ಉತ್ತರ ಧ್ರುವದ ನೆತ್ತಿಯ ಕೆಳಗೆ
ಒಂದು ದಿನದ ಮಟ್ಟಿಗೆ ಸಹಾರಾ ಮಾಡಿದೆ.

ಕತ್ತಲಾಗದ ಜೂನಿನ ಮೂರು ರಾತ್ರಿ.
ಕೂಡಿಸಿ ಭಾಗಿಸಿ ಬಣ್ಣ ಬಳಿದರೆ
ಗ್ರಾಫು ತಟ್ಟೆಯಂತೆ ಸಪಾಟು.
ಎಲ್ಲ ಹಂದರವೂ ಒಂದೇ, ಎಲ್ಲ ವರ್ಷವೂ ಅಡ್ಡಿಯಿಲ್ಲ.
"ಇನ್ನೊಂದು ಕಟ್ಟಿ" ಎಂದು ಬರೆದೇಬಿಟ್ಟಿದ್ದೆ.
ಹಸಿ ಅಂಕಿಯೊಳಗೆ ಹಸಿಸುಳ್ಳೊಂದು ಬೆಚ್ಚಗೆ ಕೂತಿತ್ತು,
ನನಗೆ ವಾಸನೆ ಬಡಿದಿರಲಿಲ್ಲ.

ಅಂಚಿನಲ್ಲಿ ಅಲ್ಲಲ್ಲಿ ಒಂದು ಪುಟ್ಟ ಸೊನ್ನೆ.
ಸೊನ್ನೆಯೆಂದರೆ ಏನೂ ಇಲ್ಲ ತಾನೆ, ಎಂದು ಬಿಟ್ಟಿದ್ದೆ.
ಗುರುವಾರ, ಯಾಕೋ ಮನಸ್ಸು ಕೇಳದೆ,
ಗೋದಾಮಿಗೆ ಹೋಗಿ ಪುಟ ತೋರಿಸಿದೆ.

"ಅದು ಸೊನ್ನೆಯಲ್ಲ," ಎಂದ ಟೋರ್ಲೈಫ್,
"ಮೂಗಿನ ಹೊಳ್ಳೆ."
ಒಣಮೀನಿನ ಧೂಳಿಗೆ ಅವನ ಮೂಗು ಕಟ್ಟುತ್ತದೆ.
"ಆವತ್ತು ಕಣ್ಣಂದಾಜಿನಲ್ಲಿ ಹಾಕಿದ ದರ್ಜೆ. ನಂಬಬೇಡ."
"ಕೆಲಸ ನಿಲ್ಲಿಸಬಹುದಿತ್ತಲ್ಲ?"
"ಹಡಗು ನಿಲ್ಲುತ್ತಿತ್ತೇ?"

ಗೊತ್ತಾಗಿದ್ದರೆ ಸಂಬಳ ಹಿಡಿಯುತ್ತಿದ್ದರು.
ಆದರೂ, ಯಾರೂ ಓದದ ಪುಸ್ತಕದಲ್ಲಿ,
ತನಗೆ ತಿಳಿಯದ ದಿನಕ್ಕೆಲ್ಲ
ಸುತ್ತಿ ಇಟ್ಟಿದ್ದ ಪೆನ್ಸಿಲಿನಿಂದ.

ಹೊಳ್ಳೆಯ ದಿನಗಳನ್ನು ತೆಗೆದು ಹಾಕಿದೆ.
ಏಳನೆಯ ಹಂದರ ಥಟ್ಟನೆ ಕುಸಿಯಿತು.
ಅದರ ಸರದಿ ಯಾವಾಗಲೂ ಕೊನೆಗೆ,
ಅಷ್ಟರಲ್ಲಿ ಅವನ ಮೂಗು ಹೋಗಿರುತ್ತಿತ್ತು.
ನೋಡಲು ಚಿನ್ನದಂಥ ಮೀನು, ಕುತ್ತಿಗೆಯೊಳಗೆ ಹುಳಿ.
ಜಿನೋವಾದಿಂದ ಎರಡು ಸಲ ಸರಕು ವಾಪಸು ಬಂದದ್ದು
ವ್ಯಾಪಾರಿಯ ಕಿರಿಕಿರಿ ಅಂದುಕೊಂಡಿದ್ದೆವು.
ಒಂಬತ್ತು ವರ್ಷದ ಕೆಳಗೆ ಶುರುವಾದದ್ದು,
ಹಲ್‌ವಾರ್ ಹೊಸ ಗೋದಾಮು ಎಬ್ಬಿಸಿದ ವರ್ಷ,
ಏಳನೆಯ ಹಂದರಕ್ಕೂ ಸಮುದ್ರಕ್ಕೂ ನಡುವೆ.

ಒಂದು ಪುಟ ಬೇಕಾಗಲಿಲ್ಲ.
"ಸಾಲದಿರುವುದು ಮರವಲ್ಲ, ಗಾಳಿ.
ಏಳನೆಯದನ್ನು ಕಿತ್ತು ಗುಡ್ಡದ ಮೂಲೆಗೆ ನೆಡಿ."
ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಒಂದು ಸುತ್ತು ಹಾಕಿದೆ.

ಹಲ್‌ವಾರ್ ಓದಿದ. ಕಿಟಕಿಯಿಂದ ಗೋದಾಮನ್ನು ನೋಡಿದ.
ತುಂಬ ಹೊತ್ತು ನೋಡಿದ.
"ಇದೇನಿದು ಇಲ್ಲಿ, ಸೊನ್ನೆ?"
"ಎರಡು ವರ್ಷದಲ್ಲಿ ಮೂಗು ನೆಟ್ಟಗಿದ್ದದ್ದು ಹನ್ನೊಂದೇ ದಿನ.
ಅಷ್ಟು ಮಟ್ಟಿಗೆ ನನಗೆ ತಿಳಿಯದು."

ಅವನು ಹಾಳೆಯನ್ನು ಎತ್ತಿ
ಮೂಗಿನ ಹತ್ತಿರ ಹಿಡಿದ,
ತಮಾಷೆಗೋ ಏನೋ.